ಅಮ್ಮನಿಗೆ ಬೆನ್ನು ಹಾಕಿ ನಿಂತಿದ್ದೆ

ಭಕ್ತ ಬಂಧುಗಳೇ, ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನನ್ನ ಕೆಲಸ ಇನ್ನೇನು ಹೋಗುವುದರಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಯಲಹಂಕದ ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಕೆಟ್ಟವಳಲ್ಲ. ಆದರೂ ಹಂಗಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕೆಲಸ ಕಾಯಂ ಆದರೆ ಬೇರೆ ಮನೆ ಮಾಡಬಹುದಿತ್ತು.

ಹೆಬ್ಬಾಳದ ಹಳೆಯ ಬಂಗಲೆಯೊಂದರಲ್ಲಿ ಚಿಕ್ಕ ವಸ್ತುಸಂಗ್ರಹಾಲಯವಿತ್ತು. ಬಂದವರಿಗೆ ವಿಗ್ರಹಗಳನ್ನು ತೋರಿಸಿ ವಿವರಿಸುವುದು ನನ್ನ ಕೆಲಸ. ಶತಮಾನ, ಶೈಲಿ, ಎತ್ತರ ಎಲ್ಲ ಬಾಯಿಪಾಠ. ನಾನು ಒಂದು ಶತಮಾನ ದಾಟುವಷ್ಟರಲ್ಲಿ ಜನ ಹೊರಗಿನ ಮರದ ನೆರಳು ಸೇರಿರುತ್ತಿದ್ದರು! ಭಾನುವಾರದ ಗುಂಪೂ ಹೀಗೇ ಚದುರಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸಾಹೇಬರು ಹೇಳಿಬಿಟ್ಟರು.

ಒಳಗೊಂದು ಕಿಟಕಿಯಿಲ್ಲದ ಕೋಣೆ. ರಾಜಾನುಕುಂಟೆ ಕಡೆಯ ಹೊಲದಲ್ಲಿ ಸಿಕ್ಕಿದ ಗ್ರಾಮದೇವತೆ ಅಮ್ಮನ ಕಲ್ಲಿನ ವಿಗ್ರಹ ಅಲ್ಲಿತ್ತು. ಅದರ ಮುಂದೆ ಜನರತ್ತ ತಿರುಗಿ ಮಾತಾಡುವಾಗಲೆಲ್ಲ ಕತ್ತಿನ ಹಿಂದೆ ಯಾರೋ ಉಸಿರಾಡಿದಂತಾಗಿ ಮೈ ಜುಮ್ಮೆನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ನಮ್ಮೂರ ಮಾರಮ್ಮನ ಗುಡಿಗೆ ಹೋದೆ. ನನ್ನ ಮಾತು ಯಾರೂ ಕೇಳುತ್ತಿಲ್ಲ, ನೀನಾದರೂ ಕೇಳು ತಾಯಿ ಎಂದು ಅತ್ತೆ. ಸ್ವಲ್ಪ ಜಗಳವನ್ನೂ ಆಡಿದೆ.

ಬಂದವರು ಯಶವಂತಪುರದ ಕಾರ್ಖಾನೆಯೊಂದರ ಅಪ್ರೆಂಟಿಸ್ ಹುಡುಗರು. ಮೊದಲ ಕೋಣೆಯಲ್ಲೇ ಆಕಳಿಕೆ ಶುರುವಾಗಿತ್ತು. ಒಳಕೋಣೆಯಲ್ಲಿ ಅಮ್ಮನ ಕಲ್ಲಿನ ಮುಂದೆ ಬಾಯಿ ತೆರೆದೆ, ಕರೆಂಟ್ ಹೋಯಿತು. ಕಗ್ಗತ್ತಲು. ಎಲ್ಲಿಂದಲೋ ಬೇವಿನ ಸೊಪ್ಪು, ಒದ್ದೆ ಅರಿಶಿನದ ವಾಸನೆ. ಬೆನ್ನ ಹಿಂದಿನಿಂದ ಮುದುಕಿಯ ದನಿ ಕೇಳಿಸಿತು.

"ಬೆನ್ನಾಕ್ಕೊಂಡು ತೋರುಸ್ತಾರೇನವ್ವ? ಪಕ್ಕಕ್ ಬಾ."

ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಕರೆಂಟ್ ಹೋದೀತೆಂದು ಸದಾ ಕೈಲಿಟ್ಟುಕೊಳ್ಳುತ್ತಿದ್ದ ಟಾರ್ಚು ಹೊತ್ತಿಸಿದೆ. ಬೆಳಕು ಪೂಜಾರಿಯ ಮಂಗಳಾರತಿಯಂತೆ ಮೊದಲು ಅಮ್ಮನ ಪಾದಕ್ಕೆ ಹೋಯಿತು. ಒಂದು ಶತಮಾನವೂ ಬಾಯಿಗೆ ಬರಲಿಲ್ಲ. ಈ ಪಾದ ಯಾಕೆ ಸವೆದಿದೆ ಎಂದು ಮಾತ್ರ ಕೇಳಿದೆ.

"ಮುಟ್ಟಿ ಮುಟ್ಟಿ," ಎಂದ ಒಬ್ಬ.

ಯಾರು ಮುಟ್ಟಿರಬಹುದು ಎಂದೆ.

"ನಮ್ಮಜ್ಜಿ ಥರದೋರು," ಎಂದ ಇನ್ನೊಬ್ಬ, ಮೆಲ್ಲಗೆ.

ಬೆಳಕನ್ನು ನಿಧಾನವಾಗಿ ಮಂಡಿಗೆ, ಕೈಗೆ, ಕೊನೆಗೆ ಮುಖಕ್ಕೆ ಎತ್ತಿದೆ. ಯಾರೂ ಅಲ್ಲಾಡಲಿಲ್ಲ. ಕರೆಂಟ್ ಬಂದಾಗ ನೋಡುತ್ತೇನೆ, ಅರ್ಧ ಜನ ಚಪ್ಪಲಿ ಬಿಟ್ಟು ನಿಂತಿದ್ದಾರೆ. ಬಾಗಿಲಲ್ಲಿ ಸಾಹೇಬರೂ ಇದ್ದರು.

ಹೊರಡುವಾಗ ಹುಡುಗನೊಬ್ಬ ಅತ್ತಿತ್ತ ನೋಡುತ್ತ ಕೇಳಿದ: "ಮೇಡಂ, ನಿಮ್ಮನ್ನ ಪಕ್ಕಕ್ ಬಾ ಅಂದ ಅಜ್ಜಿ ಎಲ್ಲ್ ಹೋದ್ರು?"

ಅಂದು ನನ್ನ ಬಿಟ್ಟರೆ ಬೇರೆ ಹೆಂಗಸು ಒಳಗೆ ಬಂದೇ ಇಲ್ಲ ಎಂದು ಕಾವಲುಗಾರ ಆಣೆ ಮಾಡಿದ. ಕೋಣೆಗೆ ಇದ್ದದ್ದು ಒಂದೇ ಬಾಗಿಲು.

ಆ ಮಳೆಗಾಲದಲ್ಲಿ ಕೆಲಸ ಕಾಯಂ ಆಯಿತು. ಆರ್.ಟಿ. ನಗರದ ಒಂದು ಕೋಣೆಯ ಮನೆಯಲ್ಲಿ ನಾನೂ ಮಗಳೂ ಹಾಲುಕ್ಕಿಸಿದೆವು. ಗುಡಿಯಲ್ಲಿ ಜಗಳವಾಡಿದವಳಿಗೆ ತಾಯಿ ಕಲ್ಲೊಳಗಿಂದ ದಾರಿ ಹೇಳಿದಳು. ಅವಳ ಋಣ ಈ ಜನ್ಮಕ್ಕೆ ತೀರದು.

ಅಂದಿನಿಂದ ಅವಳ ಬಲಕ್ಕೆ ಸರಿದೇ ನಿಲ್ಲುತ್ತೇನೆ. ಕತ್ತಿನ ಹಿಂದಿನ ಉಸಿರು ಈಗಿಲ್ಲ. ಪಕ್ಕದಲ್ಲಿದೆ.