ಕೋರ್ಟಿಗೆ ಜೊತೆ ಬಂದವರು

ಅಕ್ಕನ ಕುತ್ತಿಗೆಯ ಸುತ್ತ ತೆಳ್ಳನೆಯ ಬಿಳಿಚಿದ ಗೆರೆಯಿತ್ತು. ದೂರದಿಂದ ನೋಡಿದರೆ ಸರ ಹಾಕಿಕೊಂಡಂತೆ ಕಾಣುತ್ತಿತ್ತು. ಅವರ ಗಂಡ ರೈಲ್ವೆ ಡ್ಯೂಟಿಯಲ್ಲಿದ್ದಾಗ ಮನೆಗೆ ನುಗ್ಗಿದ ಕಳ್ಳರು ತಂತಿ ಬಿಗಿದ ಗುರುತು ಅದು. ಅಂದಿನಿಂದ ಅವರ ದನಿ ಒಡೆದುಹೋಗಿತ್ತು. ಹತ್ತಿರ ಕೂತರೆ ಮಾತ್ರ ಮಾತು ಕೇಳುತ್ತಿತ್ತು. ಕಳ್ಳರು ಸಿಗಲೇ ಇಲ್ಲ.

ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಔಷಧದಂಗಡಿಯ ಮೇಲೆ ಒಂದು ಕೋಣೆ. ಹಲ್ಲೆ, ಅತ್ಯಾಚಾರಕ್ಕೆ ಒಳಗಾದವರಿಗೂ ಕೊಲೆಯಾದವರ ಮನೆಯವರಿಗೂ ನೆರವಾಗುವ ಸಣ್ಣ ಸಂಸ್ಥೆ ಅಲ್ಲಿತ್ತು. ಅಕ್ಕ ಅಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದರು. ಮೊಬೈಲ್ ಕಸಿಯಲು ಬಂದ ಇಬ್ಬರು ನನ್ನ ಗಂಡನನ್ನು ಇರಿದು ಕೊಂದ ವಾರದಲ್ಲೇ ಅಕ್ಕ ನಮ್ಮ ಬಾಗಿಲಿಗೆ ಬಂದರು. ಕನ್ನಡದವಳೊಬ್ಬಳು ಠಾಣೆಯಲ್ಲಿ ಬಂಗಾಳಿ ತಿಳಿಯದೆ ಒದ್ದಾಡುತ್ತಿದ್ದಾಳೆಂದು ಯಾರೋ ಅವರಿಗೆ ಹೇಳಿದ್ದರಂತೆ. ನಾನು ಮೈಸೂರಿನವಳು, ಅವರು ಧಾರವಾಡದವರು; ಅಂದಿನಿಂದ ಅಕ್ಕ ಎಂದೇ ಕರೆಯತೊಡಗಿದೆ.

ನನ್ನ ಮಗಳಿಗೆ ಆಗ ಎಂಟು ವರ್ಷ. ಅಪ್ಪ ನಿದ್ದೆಯಲ್ಲೇ ಹೋದರು, ಏನೂ ಗೊತ್ತಾಗಲಿಲ್ಲ ಎಂದು ನಾವೆಲ್ಲ ಅವಳಿಗೆ ಹೇಳಿದ್ದೆವು. ಅವಳು ನಂಬಿರಲಿಲ್ಲ, ಊಟವನ್ನೂ ಬಿಟ್ಟಿದ್ದಳು. ಅಕ್ಕನ ಪಕ್ಕ ಕೂತು ನೇರವಾಗಿ ಕೇಳಿಬಿಟ್ಟಳು: “ಆಂಟಿ, ಪಪ್ಪಾಗೆ ತುಂಬಾ ಪೇನ್ ಆಯ್ತಾ?”

ನಾನು ತಡೆಯಲು ಹೋದೆ. ಅಕ್ಕ ನನ್ನತ್ತ ನೋಡಲಿಲ್ಲ.

“ಆತವ್ವಾ, ಭಾಳ ನೋವಾತು,” ಎಂದರು. “ಆಮ್ಯಾಲೆ ನಿಂತಿತು. ಈಗ ನೋವಿಲ್ಲ.”

ಮಗಳು ಅವರ ಮಡಿಲಿಗೆ ಬಿದ್ದು ಗಟ್ಟಿಯಾಗಿ ಅತ್ತಳು. ಆ ಸಂಜೆ ತಾನಾಗಿ ತಟ್ಟೆ ಹಾಕಿಕೊಂಡು ಕೂತಳು.

ನಾನು ಸಾಕ್ಷಿ ಹೇಳುವ ಹಿಂದಿನ ದಿನ ಅಕ್ಕ ಮತ್ತೆ ಬಂದರು. ಕಟಕಟೆ ಎಲ್ಲಿರುತ್ತದೆ, ಆ ಇಬ್ಬರು ಎಲ್ಲಿ ನಿಂತಿರುತ್ತಾರೆ ಎಂದು ವಿವರಿಸಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

“ನಾಳೆ ನಿನ್ನ ಗಂಡನ ಅಂಗಿ ತೋರಸ್ತಾರ, ತಂಗಿ. ರಕ್ತ ಒಣಗಿ ಕಪ್ಪಾಗಿರತೈತಿ. ಗುರುತು ಹಿಡೀಬೇಕಾಗತೈತಿ. ಇವತ್ತ ಅತ್ತು ಬಿಡು.”

ವಕೀಲರಾಗಲಿ ಪೊಲೀಸರಾಗಲಿ ಇದನ್ನು ನನಗೆ ಹೇಳಿರಲಿಲ್ಲ. ಮರುದಿನ ಲಕೋಟೆಯಿಂದ ಅಂಗಿ ತೆಗೆದಾಗ ಅದನ್ನು ಹತ್ತಿರದಿಂದ ನೋಡಿದೆ. ಕಾಲರಿನ ಹೊಲಿಗೆ ನನ್ನದೇ ಎಂದು ಹೇಳಿದೆ.

ಒಬ್ಬನಿಗೆ ಶಿಕ್ಷೆಯಾಯಿತು. ಇನ್ನೊಬ್ಬನನ್ನು ಸಾಕ್ಷಿ ಸಾಲದೆಂದು ಬಿಟ್ಟರು. ಕೋರ್ಟಿನ ಮೆಟ್ಟಿಲಲ್ಲಿ ಅವನು ನನ್ನ ಮೈಗೆ ತಾಗುವಷ್ಟು ಹತ್ತಿರದಿಂದ ಇಳಿದುಹೋದ. ನನ್ನ ಸಿಟ್ಟೆಲ್ಲ ಅಕ್ಕನ ಮೇಲೆ ತಿರುಗಿತು. ಇಷ್ಟು ದಿನ ಅಲೆಸಿ ಏನು ಕೊಡಿಸಿದಿರಿ ಎಂದು ಜನರೆದುರೇ ಕೇಳಿದೆ.

“ನ್ಯಾಯ ಕೊಡಸೂದು ನನ್ನ ಕೈಯಾಗಿಲ್ಲ,” ಎಂದರು. “ನನಗೂ ಸಿಕ್ಕಿಲ್ಲ. ಒಬ್ಬಾಕಿನ ಇಲ್ಲಿ ನಿಂದ್ರಬಾರದು ನೀನು, ಅದಕ್ಕ ಬಂದೆ.”

ನನ್ನನ್ನು ಟ್ಯಾಕ್ಸಿ ಹತ್ತಿಸಿ ಮನೆಯವರೆಗೂ ಬಂದರು. ಆಮೇಲೂ ಬರುವುದನ್ನು ಬಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅಕ್ಕ ತೀರಿಕೊಂಡರು. ಸ್ಮಶಾನದಲ್ಲಿ ನಾನು ಕಂಡರಿಯದ ಹೆಂಗಸರೇ ತುಂಬಿದ್ದರು. ಬುರ್ಖಾ ತೊಟ್ಟ ವಯಸ್ಸಾದವರೊಬ್ಬರು, ಸತ್ತವರು ನಿಮಗೇನಾಗಬೇಕೆಂದು ಹಿಂದಿಯಲ್ಲಿ ನನ್ನನ್ನು ಕೇಳಿದರು.

“ನನ್ನ ಗಂಡನ ಕೊಲೆಯಾಗಿತ್ತು,” ಎಂದೆ.

ಅವರು ತಲೆಯಾಡಿಸಿದರು.

“ನನ್ನ ಮಗನದು,” ಎಂದರು.