ಮಶೀನು ಬಂದ ದಿನ ನಾನು ಬಾಯಿ ಬಿಡಲಿಲ್ಲ

ಕೊರೋನಾ ಮುಗಿದ ಮಾರನೇ ವರ್ಷದ ಕೊಯ್ಲಿನಲ್ಲಿ ನಾನು ಮುತ್ತಿನಕೊಪ್ಪದ ಕಡೆ ಅಡಿಕೆ ಸುಲಿಯುವ ನಾನೂ ಸೇರಿ ಹದಿನಾಲ್ಕು ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದೆ. ಯಾವ ತೋಟಕ್ಕೆ ಯಾವತ್ತು ಹೋಗುವುದು, ಯಾರು ಎಲ್ಲಿ ಕೂರುವುದು, ಯಾರ ಕೆಲಸ ಸಾಲದು ಅಂತ ಹೇಳುವುದು ನನ್ನ ಕೆಲಸ. ಹಸಿ ಅಡಿಕೆಯನ್ನು ಗೊನೆ ಇಳಿಸಿದ ಎರಡು ದಿನದೊಳಗೆ ಸುಲಿದು ಬೇಯಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ. ನಾವು ಸುಲಿಯುವುದು ಮೆಟ್ಟುಗತ್ತಿಯಲ್ಲಿ. ಹಲಗೆಗೆ ಬಿಗಿದ ಕತ್ತಿ ಅದು. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತೇವೆ. ನಾನು ಓದಿದ್ದು ಎರಡನೇ ಕ್ಲಾಸು. ಕತ್ತಿ ಹಿಡಿದಿದ್ದು ಹನ್ನೊಂದನೇ ವಯಸ್ಸಿಗೆ.

ಆ ವರ್ಷ ನರಸಿಂಹರಾಜಪುರದ ಒಂದು ಕಾನ್ವೆಂಟಿಗೆ ಅಗಾತ ಅನ್ನುವ ಸಿಸ್ಟರ್ ಬಂದರು. ಇದೇ ತಾಲ್ಲೂಕಿನಲ್ಲಿ ನೆಲೆ ನಿಂತ ಮಲಯಾಳಿ ಮನೆಯ ಮಗಳು. ಚಿಕ್ಕ ವಯಸ್ಸಿಗೆ ಮಠ ಸೇರಿ, ಇಪ್ಪತ್ತಾರು ವರ್ಷ ಆಫ್ರಿಕಾದಲ್ಲಿದ್ದು ಬಂದವರು. ಅಲ್ಲಿ ಮೂರು ದೇಶಗಳಲ್ಲಿ ತಮ್ಮ ಮಠದವರು ಹೆಂಗಸರಿಗಾಗಿ ಮಾಡುವ ಕೆಲಸಕ್ಕೆಲ್ಲ ಅವರೇ ಹಿರಿಯರಾಗಿದ್ದರಂತೆ. ಬಾವಿ ತೋಡಿಸಿದ್ದು, ಬಾಣಂತಿಯರಿಗೆ ಮನೆ ಕಟ್ಟಿಸಿದ್ದು, ಊರಿನ ಪಂಚಾಯ್ತಿಕಟ್ಟೆಯಲ್ಲಿ ಹೆಂಗಸರನ್ನು ಕೂರಿಸಿದ್ದು, ಎಲ್ಲದರ ಫೋಟೋ ತೋರಿಸಿದರು. ಒಳ್ಳೆಯ ಕೆಲಸವೇ. ಇಲ್ಲ ಅನ್ನುವುದಿಲ್ಲ. ಆದರೆ ಎರಡು ಮಾತಿಗೊಮ್ಮೆ ‘ಅಲ್ಲಿ’ ಅನ್ನುತ್ತಿದ್ದರು. ಅಲ್ಲಿ ಹೀಗೆ, ಅಲ್ಲಿ ಹಾಗೆ. ಒಂದು ವಾರದೊಳಗೆ ನಮ್ಮವರು ಅವರಿಗೆ ‘ಅಲ್ಲಿ ಸಿಸ್ಟರ್’ ಅಂತಲೇ ಹೆಸರಿಟ್ಟರು.

ಮೊದಲ ಸಭೆಗೆ ನಮ್ಮನ್ನು ಕಾನ್ವೆಂಟಿನ ಹಾಲ್‌ನಲ್ಲಿ ದುಂಡಗೆ ಕೂರಿಸಿದರು. ಗುಂಪಿನಲ್ಲಿ ಲೀಲ ಅಂತ ಒಬ್ಬಳಿದ್ದಳು. ಕೈ ಎಷ್ಟು ಚುರುಕೋ ನಾಲಗೆಯೂ ಅಷ್ಟೇ ಚುರುಕು.

“ಹಿಂಗೆ ಸುತ್ತ ಕೂರ್ಸಿದ್ರಲ್ಲ ಸಿಸ್ಟರಮ್ಮ, ನಡುವೆ ಬೆಂಕಿ ಯಾವಾಗ ಹಾಕ್ತೀರ? ಚಳಿ ಆಗ್ತದೆ,” ಅಂದಳು.

ಎಲ್ಲರೂ ನಕ್ಕರು. ಸಿಸ್ಟರ್ ನಗಲಿಲ್ಲ. ಅಡಿಕೆ ಸುಲಿಯುವ ಮಶೀನು ತರಿಸುತ್ತೇನೆ, ಅದು ನಿಮ್ಮ ಗುಂಪಿನದ್ದೇ ಆಗಿರುತ್ತದೆ, ನೀವೇ ನಡೆಸಿ ಅಂದರು. ಅಲ್ಲಿನ ಒಂದು ಊರಿನಲ್ಲಿ ಹೆಂಗಸರು ದಿನಾ ಮಧ್ಯಾಹ್ನವೆಲ್ಲ ಜೋಳ ಕುಟ್ಟುತ್ತಿದ್ದರಂತೆ. ಇವರು ಗಿರಣಿ ಹಾಕಿಸಿಕೊಟ್ಟ ಮೇಲೆ ಆ ಮಧ್ಯಾಹ್ನ ಅವರದ್ದಾಯಿತು. ಓದು ಕಲಿತರು, ತರಕಾರಿ ಬೆಳೆದರು.

ನಾನು ಕೇಳಿದೆ, “ಆ ಜೋಳ ಯಾರದ್ದು?”

“ಅವರ ಮನೇದೇ.”

“ಕುಟ್ಟಿದ್ದಕ್ಕೆ ಯಾರಾದ್ರೂ ಕೂಲಿ ಕೊಡ್ತಿದ್ರ?”

“ಮನೆ ಕೆಲ್ಸಕ್ಕೆ ಕೂಲಿ ಎಂತದು ಚೌಡಮ್ಮ?”

“ನಮ್ಗೆ ಕೊಡ್ತಾರೆ. ಅವ್ರ ಮಧ್ಯಾಹ್ನ ಉಳಿಸಿದ್ರೆ ಅವ್ರಿಗೆ ಸುಖ. ನಮ್ಮ ಮಧ್ಯಾಹ್ನ ಉಳಿಸಿದ್ರೆ ನಮ್ಮ ಒಲೆ ಹೊತ್ತಲ್ಲ.”

ಅವರು ಫೋಟೋಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟರು. ಆಮೇಲೆ, “ನೀವು ಬೇಡ ಅಂದ್ರೂ ಮಶೀನು ಬರ್ತದೆ. ಬೇರೆಯವರದ್ದಾಗಿ ಬರೋ ಬದ್ಲು ನಿಮ್ಮದಾಗಿ ಬರ್ಲಿ,” ಅಂದರು.

ಆ ಮಾತು ಸುಳ್ಳಲ್ಲ. ಹಿಡಿಸದವರ ಮಾತು ಸರಿಯಾಗಿದ್ದರೆ ನನಗೆ ಸಿಟ್ಟು ಬರುತ್ತದೆ. ಎದ್ದು ಬಂದೆ. ಆದರೆ ಉಳಿದವರು ಒಪ್ಪಿದ್ದರು. ಗುಂಪು ಹೋದಲ್ಲಿ ಮೇಸ್ತ್ರಿಯೂ ಹೋಗಬೇಕು.

ಮಶೀನು ಮೊದಲು ಇಳಿದದ್ದು ಮಂಜಪ್ಪಗೌಡರ ಕಣದಲ್ಲಿ. ನಮ್ಮ ಕಡೆ ಅವರದ್ದು ದೊಡ್ಡ ತೋಟ. ಅವರು ಏನು ಮಾಡುತ್ತಾರೋ ಉಳಿದ ತೋಟದವರೂ ಅದನ್ನೇ ಮಾಡುತ್ತಾರೆ. ಕೊಪ್ಪದಿಂದ ಪಿಕಪ್‌ನಲ್ಲಿ ತಂದ ಮೆಕ್ಯಾನಿಕ್ಕು ಅರ್ಧ ಗಂಟೆ ತೋರಿಸಿ ಹೊರಟುಹೋದ. ಮಶೀನಿನ ಒಳಗೆ ಹಲ್ಲಿರುವ ಎರಡು ರೋಲರ್ ತಿರುಗುತ್ತವೆ. ನಡುವಿನ ಸಂದಿನಲ್ಲಿ ಅಡಿಕೆ ಸಿಕ್ಕಿ ಸಿಪ್ಪೆ ಕಳಚುತ್ತದೆ. ಸಂದನ್ನು ಹಿಗ್ಗಿಸಲು, ಕುಗ್ಗಿಸಲು ಒಂದು ಸ್ಕ್ರೂ. ಅಂದರೆ ದಪ್ಪ ಅಡಿಕೆಗೆ ಒಂದು ಅಳತೆ, ಸಣ್ಣದಕ್ಕೆ ಇನ್ನೊಂದು. ಇದು ನನಗೆ ನೋಡುತ್ತಿದ್ದ ಹಾಗೇ ಅರ್ಥವಾಯಿತು.

ಇನ್ನೊಂದೂ ಗೊತ್ತಾಯಿತು. ಆವತ್ತಿನ ರಾಶಿ ಬೆರಕೆ. ಹಳ್ಳದ ಬದಿಯ ತೋಟದ ದಪ್ಪ ಅಡಿಕೆ, ಮೇಲಿನ ತೋಟದ ಸಣ್ಣ ಅಡಿಕೆ, ಎರಡನ್ನೂ ಒಟ್ಟಿಗೆ ಸುರಿದಿದ್ದರು. ಕತ್ತಿಯಲ್ಲಿ ಸುಲಿಯುವವರಿಗೆ ಅದು ಲೆಕ್ಕಕ್ಕೇ ಇಲ್ಲ, ಬೆರಳೇ ಅಳತೆ ಹಿಡಿಯುತ್ತದೆ. ಮಶೀನಿಗೆ ಬೆರಳಿಲ್ಲ.

ಲೀಲ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. “ಚೌಡಕ್ಕ, ಇದು ಎರಡು ತೋಟದ್ದು ಬೆರಕೆ ಅಲ್ವನೆ? ಬೇರೆ ಮಾಡಿ ಹಾಕ್ಬೇಕು ಅನ್ಸ್ತದೆ. ಹೇಳ್ಬಾರ್ದ?”

“ಬಾಯ್ಮುಚ್ಚೆ. ಆಫ್ರಿಕಾ ನೋಡಿದವ್ರಿಗೆ ಗೊತ್ತಿರ್ತದೆ,” ಅಂದೆ.

ಸಿಸ್ಟರ್ ಮೆಕ್ಯಾನಿಕ್ಕನ್ನು ಹತ್ತು ಪ್ರಶ್ನೆ ಕೇಳಿದ್ದರು. ನನ್ನನ್ನು ಒಂದೂ ಕೇಳಲಿಲ್ಲ. ನಾನು ಎಲೆಅಡಿಕೆಯ ಕವಳ ಹಾಕಿಕೊಂಡು ಕಣದ ಅಂಚಿನಲ್ಲಿ ಕೂತೆ. ಗುಂಡಿ ಒತ್ತಿದರು. ದಪ್ಪ ಅಡಿಕೆಗಳು ಗಾಯವಾಗಿ, ಬಿಳಿ ತಿರುಳು ಕಾಣಿಸಿಕೊಂಡು ಬಿದ್ದವು. ಸಣ್ಣವು ಸಿಪ್ಪೆ ಸಮೇತ ಹಾಗೇ ಬಂದವು. ಸ್ಕ್ರೂ ತಿರುಗಿಸಿದರೆ ಇನ್ನೊಂದು ತರ ಹಾಳು. ಗಾಯದ ಅಡಿಕೆ ಹಂಡೆಯಲ್ಲಿ ಬೆಂದರೆ ಒಡೆದು ಚೂರಾಗುತ್ತದೆ, ಅಡಿಕೆ ಮಂಡಿಯಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಒಂದು ಗಂಟೆಯಲ್ಲಿ ಮೊಣಕಾಲೆತ್ತರದ ರಾಶಿ ಹಾಳಾಯಿತು. ನಮ್ಮ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಸೆರಗೂ ಒತ್ತಿಕೊಳ್ಳದೆ ನಕ್ಕೆ.

ಮಂಜಪ್ಪಗೌಡರು ಬಂದು ರಾಶಿಗೆ ಕೈ ಹಾಕಿ ನೋಡಿದರು.

“ನಗು ಬರ್ತದ ಚೌಡಮ್ಮ?”

“ಬಿಡಿ ಗೌಡ್ರೆ, ಇದೆಲ್ಲ ಆಗೋ ಹೋಗೋ ಮಾತಲ್ಲ. ಉಳಿದಿದ್ದನ್ನ ಕೈಯಲ್ಲೇ ಸುಲಿದು ಕೊಡ್ತೀವಿ.”

“ಎಂತ ಕೈಯಲ್ಲಿ ಸುಲಿಯೋದು ಮಾರಾಯ್ತಿ! ಎರಡು ದಿನದ ಗೊನೆ ಬಿದ್ದಿದೆ. ಶೃಂಗೇರಿ ಕಡೆಯಿಂದ ಮಶೀನಿನವರು ಒಂದು ತಿಂಗಳಿಂದ ಫೋನ್ ಮಾಡ್ತಿದಾರೆ. ನಾಲ್ಕು ಗಂಡಸ್ರು, ಅವ್ರದ್ದೇ ಮಶೀನು. ನಿಮ್ಮ ಮುಖ ನೋಡಿ ಬೇಡ ಅಂದಿದ್ದೆ. ನಾಡಿದ್ದಿಂದ ಅವ್ರು ಬರ್ತಾರೆ. ನೀವು ಬರೋದು ಬೇಡ.”

ಕತ್ತಿ ಕೆಲಸ ಹಾಗೇ ಇರುತ್ತದೆ, ಸಿಸ್ಟರ್‌ದು ಮಾತ್ರ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹೋಗಿದ್ದು ಎರಡೂ. ಗೌಡರ ಕಣ ಹೋದರೆ ಇನ್ನುಳಿದ ಕಣಗಳೂ ಆ ವಾರವೇ ಹೋಗುತ್ತವೆ. ಕೊಯ್ಲಿನ ನಾಲ್ಕು ತಿಂಗಳ ಕೂಲಿಯಲ್ಲೇ ವರ್ಷ ನೂಕುವ ಹೆಂಗಸರು ನನ್ನ ಗುಂಪಿನಲ್ಲಿ ಏಳು ಜನ ಇದ್ದರು. ಅವರು ಆಗಲೇ ನಗು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ಮಾರನೇ ಬೆಳಿಗ್ಗೆ ಬಸ್ಸು ಹತ್ತಿ ಕಾನ್ವೆಂಟಿಗೆ ಹೋದೆ. ಸಿಸ್ಟರ್ ಅಂಗಳದಲ್ಲಿ ಕೂತು, ಹಿಂದಿನ ದಿನ ವಾಪಸ್ ತಂದಿದ್ದ ಮಶೀನಿನ ಹಲ್ಲಿಗೆ ಸಿಕ್ಕ ನಾರು ಕೀಳುತ್ತಿದ್ದರು. ತಲೆ ಎತ್ತಲಿಲ್ಲ.

“ರಾಶಿ ಬೆರಕೆ ಇತ್ತು,” ಅಂದೆ.

“ರಾತ್ರಿ ಯೋಚ್ನೆ ಮಾಡ್ದಾಗ ಹೊಳೀತು. ನಿಮ್ಗೆ ಅಲ್ಲೇ ಗೊತ್ತಿತ್ತ?”

“ಗೊತ್ತಿತ್ತು.”

“ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಅವರು ಕೈಯಲ್ಲಿದ್ದ ನಾರನ್ನು ನೆಲಕ್ಕೆಸೆದರು. “ಕೇಳ್ಬೇಕಿತ್ತು. ಅದು ನನ್ನ ತಪ್ಪು. ಆದ್ರೆ ಹದಿನಾಲ್ಕು ಜನರ ಅನ್ನ ಹಾಳಾಗೋದನ್ನ ನೋಡ್ತಾ ಕವಳ ಅಗಿದ್ರಲ್ಲ, ಅದು ಯಾರ ತಪ್ಪು? ಇಪ್ಪತ್ತಾರು ವರ್ಷದಲ್ಲಿ ನನ್ನನ್ನ ಬೈದ ಹೆಂಗಸರನ್ನ ತುಂಬಾ ನೋಡಿದೀನಿ. ತನ್ನವರಿಗೇ ಹೀಗೆ ಮಾಡಿದವಳನ್ನ ನೋಡಿಲ್ಲ.”

ನನ್ನ ಮಗನೂ ನನಗೆ ಹಾಗೆ ಅಂದವನಲ್ಲ. “ಗೌಡ್ರ ಹತ್ರ ಹೋಗೋಣ ಏಳಿ. ನಾಳೆ ಶೃಂಗೇರಿಯವ್ರು ಬರ್ತಾರೆ,” ಅಂದೆ. ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ ಕೂತೆ.

ಗೌಡರ ಜಗಲಿಯ ಕೆಳಗೆ ನಿಂತು ನಾನೇ ಹೇಳಿದೆ. “ಮಶೀನಿಂದು ತಪ್ಪಲ್ಲ, ಈ ಅಮ್ಮನದ್ದೂ ಅಲ್ಲ. ಬೆರಕೆ ಅಂತ ಗೊತ್ತಿದ್ದೂ ನಾನು ಹೇಳ್ಲಿಲ್ಲ. ಬೇಕಂತ್ಲೇ.”

“ನನ್ನ ಅಡಿಕೆ ಹಾಳು ಮಾಡಿ ಈಗ ಬಂದು ಹೇಳ್ತೀಯಲ್ಲ, ನಾಚ್ಕೆ ಆಗಲ್ವ?” ಗೌಡರ ದನಿ ರಸ್ತೆಗೆ ಕೇಳುತ್ತಿತ್ತು. ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು.

“ಆಗ್ತದೆ. ಬಯ್ಯೋದಿದ್ರೆ ಬಯ್ದು ಮುಗಿಸಿ. ಇನ್ನು ನನ್ನನ್ನ ಕೂಡಿಸ್ಕೊಳ್ಬೇಡಿ ಬೇಕಾದ್ರೆ. ಉಳಿದ ಹದಿಮೂರು ಜನ ಏನೂ ಮಾಡಿಲ್ಲ. ಅವ್ರಿಗೆ ಇವತ್ತೊಂದು ದಿನ ಕೊಡಿ.”

ಅವರು ಬೈದು ಮುಗಿಸಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಒಂದು ದಿನ ಕೊಟ್ಟರು.

ಆ ದಿನವೇ ಮಶೀನನ್ನು ಮತ್ತೆ ಕಣಕ್ಕೆ ತರಿಸಿ ರಾಶಿಯನ್ನು ಮೂರು ಪಾಲು ಮಾಡಿದೆವು: ದಪ್ಪ, ನಡುವಿನದು, ಸಣ್ಣದು. ಸಿಸ್ಟರ್ ಒಂದು ಅಡಿಕೆ ಎತ್ತಿ, “ಇದು ಯಾವುದಕ್ಕೆ?” ಅಂತ ನನ್ನನ್ನು ಕೇಳಿದರು. ಹೇಳಿದೆ. ಇನ್ನೊಂದು ಎತ್ತಿದರು. ಅದನ್ನೂ ಹೇಳಿದೆ. ಒಂದೊಂದು ಪಾಲಿಗೆ ಸ್ಕ್ರೂ ಒಂದೊಂದು ಅಳತೆಗೆ ತಿರುಗಿಸಿದೆವು. ಸಂಜೆಯ ಹೊತ್ತಿಗೆ ಗಾಯದ ಅಡಿಕೆ ಒಂದು ಮೊರದಷ್ಟೂ ಇರಲಿಲ್ಲ. ಗೌಡರು ಶೃಂಗೇರಿಯವರಿಗೆ ಫೋನ್ ಮಾಡಿ ಬರಬೇಡಿ ಅಂದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಶೀನಿಗೆ ಬೇಕಾದದ್ದು ಐದು ಜನ, ನಾವು ಹದಿನಾಲ್ಕು. ಸಿಸ್ಟರ್, “ಅಲ್ಲಿ ನಾವು ಸಭೆ ಮಾಡಿ ಐದು ಜನರನ್ನ ಆರಿಸ್ತಿದ್ವಿ,” ಅಂದರು. ನಾನು, “ಇಲ್ಲಿ ಆರಿಸಿದ್ರೆ ಒಂಬತ್ತು ಮನೆ ನಿಮ್ಮ ಹೆಸರಲ್ಲಿ ಮಣ್ಣು ತೂರ್ತವೆ. ಪಾಳಿ ಮಾಡಿ,” ಅಂದೆ. ಪಾಳಿ ಅಂದರೆ ಮೂರು ದಿನಕ್ಕೊಮ್ಮೆ ಕೆಲಸ. ಉಳಿದ ದಿನಗಳಲ್ಲಿ ಕೆಲವರು ಭಂಡಿಗಡಿಯ ಕಡೆ ಕಾಫಿ ಹಣ್ಣು ಬಿಡಿಸಲು ಹೋದರು. ನಾಲ್ಕು ಜನ ತಿರುಗಿ ಗುಂಪಿಗೆ ಬರಲೇ ಇಲ್ಲ. ಅದರಲ್ಲಿ ಲೀಲಳೂ ಒಬ್ಬಳು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ನನ್ನನ್ನು ನೋಡಿ ಆ ಕಡೆ ತಿರುಗುತ್ತಾಳೆ.

ಇದನ್ನು ಸಿಸ್ಟರ್ ಗೆಲುವು ಅಂತ ತಮ್ಮವರಿಗೆ ವರದಿ ಬರೆದರು. ನಾನು ಗೆಲುವು ಅನ್ನಲಾರೆ. ಹದಿನಾಲ್ಕು ಜನರ ಕೆಲಸ ಐದು ಜನರದ್ದಾಯಿತು, ಆ ಐದನ್ನು ಬೇರೆಯವರು ಕಿತ್ತುಕೊಳ್ಳದ ಹಾಗೆ ಉಳಿಸಿಕೊಂಡೆವು, ಅಷ್ಟೆ. ಎರಡು ವರ್ಷದ ನಂತರ ಅವರಿಗೆ ವರ್ಗವಾಯಿತು. ಹೋಗುವ ದಿನ ನಾನು ಹೋಗಲಿಲ್ಲ, ಅವರೂ ಹೇಳಿಕಳಿಸಲಿಲ್ಲ. ಅವರು ನನಗೆ ಯಾವತ್ತೂ ಹಿಡಿಸಲಿಲ್ಲ. ಮಶೀನು ಈಗಲೂ ಓಡುತ್ತಿದೆ.

ಐವತ್ತು ವರ್ಷದ ಕತ್ತಿ ಕೆಲಸ ಕಲಿಸದೇ ಇದ್ದದ್ದನ್ನು ಆ ಒಂದು ಗಂಟೆ ಕಲಿಸಿತು. ಬಡವರ ಕೆಲಸ ಹಗುರ ಮಾಡಲು ಬರುವವರು, ಆ ಕೆಲಸದಿಂದ ಯಾರ ಹೊಟ್ಟೆ ತುಂಬುತ್ತಿದೆ ಅಂತ ಮೊದಲು ಕೇಳಬೇಕು. ಬಹಳ ಜನ ಕೇಳುವುದಿಲ್ಲ. ಕೇಳದವರ ಮುಂದೆ ಸುಮ್ಮನಿರುವುದು ನನ್ನ ಮರ್ಯಾದೆ ಅಂತ ತಿಳಿದಿದ್ದೆ. ಅದು ಮರ್ಯಾದೆಯಲ್ಲ, ಸೊಕ್ಕು. ನನ್ನ ಸೊಕ್ಕಿನಿಂದ ಕೂಲಿ ಹೋಗುವ ಹಾಗಾದದ್ದು ನನ್ನೊಬ್ಬಳದ್ದೇ ಆಗಿದ್ದರೆ ಇದನ್ನು ಬರೆಸುತ್ತಲೂ ಇರಲಿಲ್ಲ.