ಕೆಂಪು ಗೆರೆಯ ಅಡಿಪಟ್ಟಿ

ದೊಡ್ಡವ್ವನ ಅಡುಗೆಮನೆಯಲ್ಲಿ ಸೌಟು, ಜಾಲರಿಗಳ ಪಕ್ಕದ ಮೊಳೆಗೆ ಒಂದು ಸ್ಟೀಲಿನ ಅಡಿಪಟ್ಟಿ ತೂಗುತ್ತಿತ್ತು. ಅದರ ಮೇಲೆ ಒಂದು ಕಡೆ ಉಗುರುಬಣ್ಣದಲ್ಲಿ ಎಳೆದ ಕೆಂಪು ಗೆರೆ. ಓದು ಬಾರದ ದೊಡ್ಡವ್ವನಿಗೆ ಉಳಿದ ಗೆರೆ, ಅಂಕಿಗಳ ಗೊಡವೆ ಇರಲಿಲ್ಲ. ನುಗ್ಗೆಕಾಯಿಯನ್ನೂ ಪಡವಲಕಾಯಿಯನ್ನೂ ಅದೇ ಗೆರೆಗೆ ಹಿಡಿದು ಕತ್ತರಿಸುತ್ತಿದ್ದಳು. ನಾನು ಚಿಕ್ಕವಳಿದ್ದಾಗ ನನ್ನ ತೋರುಬೆರಳನ್ನು ಪಟ್ಟಿಯ ಮೇಲಿಟ್ಟು, "ನಿನ್ ಬೆರಳಿನ್ನೂ ಪಾಸಾಗಿಲ್ಲ ಕಣವ್ವ, ಇನ್ನೊಂದ್ ವರ್ಷ ಉಣ್ಣು" ಎನ್ನುತ್ತಿದ್ದಳು. ಅದು ಇವತ್ತಿಗೂ ಪಾಸಾಗಿಲ್ಲ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಪೆರಿಕಲ್ಲೂರಿನ ದೋಣಿ ಕಡವಿನಿಂದ ಮೇಲಕ್ಕೆ ಬಂದರೆ ಮೂರನೆಯ ಮನೆ, ಹೊಳೆಯಾಚೆ ಕರ್ನಾಟಕ. ವಯನಾಡು ಬೇರೆ ಜಿಲ್ಲೆಯಾದ ಹೊಸದರಲ್ಲಿ ಆ ಮನೆಗೆ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಘಟ್ಟ ಇಳಿದು ಕಡಲ ತೀರದ ಸಿಗಡಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಹನ್ನೊಂದು ವರ್ಷ ಅಲ್ಲಿದ್ದಳು. ಅಲ್ಲಿಯ ಸಿಗಡಿ ಜಪಾನಿಗೆ ಹೋಗುತ್ತಿತ್ತು. ಆ ಜನ ಅದಕ್ಕೆ ಬ್ರೆಡ್ಡಿನ ಪುಡಿ ಹಚ್ಚಿ ಎಣ್ಣೆಯಲ್ಲಿ ಕರಿಯುತ್ತಾರಂತೆ, ಕರಿದದ್ದು ಪೆನ್ಸಿಲಿನ ಹಾಗೆ ನೆಟ್ಟಗಿರಬೇಕಂತೆ. ಸಿಗಡಿಯೋ ಹುಟ್ಟಾ ಡೊಂಕು. ಅದನ್ನು ನೆಟ್ಟಗೆ ಮಾಡುವುದೇ ದೊಡ್ಡವ್ವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಿಂತೇ, ಐಸು ನೀರಿನಲ್ಲಿ ಕೈಯಿಟ್ಟುಕೊಂಡು. ಬಾಲ ಉಳಿಸಿ ಸಿಪ್ಪೆ ಸುಲಿದು, ಹೊಟ್ಟೆಗೆ ಅಡ್ಡಡ್ಡ ನಾಲ್ಕು ಗೀರು ಹಾಕಿ, ಬೋರಲು ಮಲಗಿಸಿ ಬೆರಳಿನಿಂದ ಒತ್ತಬೇಕು. ಒಳಗೆ ಬಿಗಿದುಕೊಂಡದ್ದು 'ಟಿಕ್' ಎಂದು ಬಿಡುತ್ತದೆ. ಆಮೇಲೆ ಎಳೆದು ಆ ಅಡಿಪಟ್ಟಿಯ ಕೆಂಪು ಗೆರೆಗೆ ಸರಿಯಾಗಿ ಕೂರಿಸಬೇಕು. ಗೆರೆ ಮುಟ್ಟಿದರೆ ಪಾಸು, ಮುಟ್ಟದಿದ್ದರೆ ಬುಟ್ಟಿಗೆ ವಾಪಸು.

ಒಂದು ಸಲ ಜಪಾನಿನಿಂದ ಬಂದ ಒಬ್ಬರು ಆಫೀಸಿನಲ್ಲೇ ಕರಿದು ತೋರಿಸಿದರಂತೆ. ಹೆಂಗಸರೆಲ್ಲ ಗಾಜಿನಾಚೆ ನಿಂತು ನೋಡಿದರು. ವಾಸನೆ ಬಂತು, ತುಂಡು ಬರಲಿಲ್ಲ. "ಆಫೀಸಿನ ಸಾರ್‌ಗಳೆಲ್ಲ ಕಣ್ಮುಚ್ಕಂಡು ತಿಂದ್ರು ಕಣವ್ವ. ಕಣ್ಮುಚ್ಕಳಂಥದ್ದು ಏನದೆ ಅದ್ರಲ್ಲಿ ಅಂತ ಅವತ್ತಿಂದ ನಂಗೆ ಅದೇ ಯೋಚ್ನೆ" ಎಂದು ದೊಡ್ಡವ್ವ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೋ.

ತಾನೇ ಮಾಡಿ ತಿಂದು ನೋಡೋಣವೆಂದರೆ ಅಷ್ಟರಲ್ಲಿ ಅವಳ ಮೈ ಸಿಗಡಿಯ ಮೇಲೆ ತಿರುಗಿಬಿದ್ದಿತ್ತು. ವರ್ಷಗಟ್ಟಲೆ ಅದರ ನೀರಿನಲ್ಲಿ ಕೈಯಿಟ್ಟವರಿಗೆ ಹೀಗಾಗುವುದುಂಟಂತೆ. ಮೊದಲು ಮೊಣಕೈಯವರೆಗೆ ಕೆಂಪು ದದ್ದು. ಆಮೇಲೊಂದು ಮಧ್ಯಾಹ್ನ ಸಿಗಡಿ ಸಾರು ಬಾಯಿಗಿಟ್ಟದ್ದೇ ತುಟಿ ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದಳು. ಇನ್ನೊಮ್ಮೆ ತಿಂದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅಡಿಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಬಂದುಬಿಟ್ಟಳು.

ಹೀಗಾಗಿ ಅವಳ ಬದಲು ನಾವು ತಿನ್ನಬೇಕಾಯಿತು. ಸ್ಕೂಟರಿನ ಮೀನಿನವನ ಪೆಟ್ಟಿಗೆಯಲ್ಲಿ ದೊಡ್ಡ ಸಿಗಡಿ ಕಂಡರೆ ನನ್ನ ಭಾನುವಾರ ಮುಗಿಯಿತೆಂದೇ ಲೆಕ್ಕ. ಹೊಳೆಯ ಸಿಗಡಿ ಅವಳಿಗೆ ಹಿಡಿಸದು, "ಅದ್ಕೆ ಬರೀ ತಲೆಯೇ, ಮೈಯಿಲ್ಲ" ಎನ್ನುವಳು. ಬೇಕರಿ ಬ್ರೆಡ್ಡನ್ನು ಕರಿಮೆಣಸು ಹರಡುವ ಚಾಪೆಯ ಮೇಲೆ ಒಣಗಿಸಿ, ಉಜ್ಜಿ, ಡಬ್ಬಿಯಲ್ಲಿ ಇಟ್ಟಿರುತ್ತಿದ್ದಳು. ಮೆಣಸಿನ ಘಾಟು ಅದಕ್ಕೂ ಹತ್ತಿರುತ್ತಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗೀರು ಹಾಕುವುದು ಅವಳೇ. ಬಾಲದ ತುದಿ ಕತ್ತರಿಸಿ, ಅದರೊಳಗಿನ ನೀರನ್ನು ಚಾಕುವಿನ ಬೆನ್ನಿಂದ ಒತ್ತಿ ತೆಗೆಯುವುದೂ ಅವಳೇ, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಮೈದಾ, ಮೊಟ್ಟೆ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿಯುವುದು ನನ್ನ ಪಾಲು. ಹೊಗೆಯೂ ಆಗದ ಅವಳು ದೂರ ಜಗಲಿಯಲ್ಲಿ ಕೂತು ಕೇಳುವಳು.

"ಹೆಂಗದೆ?"

"ಚೆನ್ನಾಗದೆ ದೊಡ್ಡವ್ವ."

"ಚೆನ್ನಾಗದೆ ಅಂದ್ರೆ? ಉಪ್ಪಿನ್ಕಾಯೂ ಚೆನ್ನಾಗಿರ್ತದೆ. ಹೆಂಗದೆ ಅಂತ ಹೇಳು."

ವಾರವೆಲ್ಲ ಶಾಲೆಯಲ್ಲಿ ಮಕ್ಕಳ ಜೊತೆ ಗಂಟಲು ಹರಿದುಕೊಂಡು, ರಜೆಯ ದಿನ ಒಲೆಯ ಮುಂದೆ ನಿಂತ ನನಗೆ ಸಾಕುಸಾಕಾಗಿರುತ್ತಿತ್ತು. ಹೇಳಲು ಮಾತು ಹುಡುಕುವಷ್ಟು ಜೀವ ಉಳಿದಿರುತ್ತಿರಲಿಲ್ಲ. ಅಪ್ಪನಂತೂ ಒಮ್ಮೆ ಅದನ್ನು ಮೀನು ಸಾರಿನಲ್ಲಿ ಮುಳುಗಿಸಿ ಅನ್ನಕ್ಕೆ ಕಲಸಿಕೊಂಡು, "ಕರುಂಕುರುಂ ಅನ್ನೋದು ಹೋಯ್ತು, ಈಗ ಸರಿ" ಅಂದುಬಿಟ್ಟ. ದೊಡ್ಡವ್ವ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ತನ್ನ ಕೈ ಅಷ್ಟು ವರ್ಷ ಮಾಡಿದ್ದು ಏನನ್ನು ಎಂದು ತಿಳಿಯಲು ಅವಳಿಗೆ ನಮ್ಮ ನಾಲಿಗೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆವು. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅವಳು ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮೊದಲು, ನಾನೇ ಒಂಬತ್ತು ಸಿಗಡಿ ತಂದೆ. ಅವಳು ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಬೆರಳ ಗಂಟುಗಳು ಬಾತು ಚಾಕು ಹಿಡಿಯುವಂತಿರಲಿಲ್ಲ. ನಮ್ಮ ಮನೆಯಲ್ಲೇ ಗೀರು ಹಾಕಿ, ಒತ್ತಿ, ಕರಿದೆ. ಎಣ್ಣೆಗೆ ಬಿದ್ದದ್ದೇ ಎಂಟು ಡೊಂಕಾದವು, ಒಂದು ಮಾತ್ರ ಹೇಗೋ ನೆಟ್ಟಗೆ ಉಳಿಯಿತು. ತಟ್ಟೆ ತಂದು ಅವಳ ಕೋಣೆಯ ಹೊಸಿಲಾಚೆ ಕೂತೆ. ಅವಳು ಕತ್ತೆತ್ತಿ ನೋಡಿದಳು.

"ಎಂಟೂ ಬುಟ್ಟಿಗೆ ವಾಪಸು. ಆ ನೆಟ್ಟಗಿರೋದ್ನ ತಿನ್ನು."

ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದೆ. ಆಮೇಲೆ ಹೇಳಿದೆ: "ಮೊದ್ಲು ಸದ್ದು ದೊಡ್ಡವ್ವ, ಒಣಗಿದೆಲೆ ತುಳಿದಂಗೆ. ಆಮೇಲೆ ಒಳಗೆ ಬಿಸಿ, ಮೆತ್ತಗೆ. ಎಳೇ ಮುಸುಕಿನ ಜೋಳ ಕಚ್ಚಿದ್ರೆ ಹಾಲು ಬರ್ತದಲ್ಲ, ಅಷ್ಟು ಸಿಹಿ. ಆಮೇಲೆ ಮುಗೀತದೆ."

"ಅಷ್ಟೇನಾ?"

"ಅಷ್ಟೇ."

ಮತ್ತೆ ತಟ್ಟೆಯತ್ತ ನೋಡಿದಳು. "ಡೊಂಕಿರೋದ್ನೊಂದು ತಿನ್ನು. ಅದ್ರ ರುಚಿ ಬೇರೆಯಾ ಹೇಳು."

ತಿಂದೆ. ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ಸರಿಯಾಗಿ ಉತ್ತರ ಕೊಡದ ನನಗೆ ಆ ದಿನ ಸುಳ್ಳು ಹೇಳುವ ಮುಖವಿರಲಿಲ್ಲ.

"ಎರಡೂ ಒಂದೇ ದೊಡ್ಡವ್ವ."

ಅವಳು ಹೊದಿಕೆಯ ಮೇಲಿದ್ದ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಬೆರಳುಗಳನ್ನು ಬಿಡಿಸಲು ನೋಡಿ, ಆಗದೆ, ಹಾಗೇ ಬಿಟ್ಟಳು.

"ಹಂಗಾದ್ರೆ ಎಲ್ಲಾ ಪಾಸು," ಎಂದಳು. "ಆರೋಕ್ ಮುಂಚೆ ತಿನ್ನು."